ಆ ಸಲಹೆಗೆ ಉತ್ತರ ಬಂತೇ?

ಪದವಿ ಪಡೆಯುತ್ತಿರುವ ನನ್ನ ಕಿರಿಯ ಗೆಳೆಯ ಗೆಳತಿಯರೇ,

ಇನ್ನು ಕೆಲವೇ ವಾರಗಳಲ್ಲಿ ನಿಮ್ಮಲ್ಲಿ ಬಹಳಷ್ಟು ಜನ ಇದೇ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲೋ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕಡೆಯ ಕಾರ್ಖಾನೆಗಳಲ್ಲೋ ಕೆಲಸಕ್ಕೆ ಸೇರುತ್ತೀರಿ. ಮೊದಲ ದಿನ ಗೇಟ್ ಪಾಸ್ ಮಾಡಿಸಿಕೊಂಡು ರಿಸೆಪ್ಷನ್‌ನಲ್ಲಿ ಕಾಯುವಾಗ ಗೋಡೆಯ ಮೇಲೆ ಸಾಲಾಗಿ ಹಾಕಿದ ಪ್ರಮಾಣಪತ್ರಗಳು ಕಣ್ಣಿಗೆ ಬೀಳುತ್ತವೆ. ಐಎಸ್‌ಒ 9001 ಒಂದು ಕಡೆ, ಸಿಎಂಎಂಐ ಲೆವೆಲ್ 5 ಇನ್ನೊಂದು ಕಡೆ. ಅವುಗಳ ಬಗ್ಗೆ ನನಗೆ ಗೌರವವಿದೆ. ಒಂದೊಂದರ ಹಿಂದೆಯೂ ನೂರಾರು ಜನರ ರಾತ್ರಿ ಹಗಲಿನ ದುಡಿಮೆ ಇರುತ್ತದೆ. ಆದರೆ ಒಂದು ಕಂಪನಿ ತನ್ನನ್ನು ತಾನು ತಿದ್ದಿಕೊಳ್ಳುವ ಅಭ್ಯಾಸವನ್ನು ಎಷ್ಟು ಆಳವಾಗಿ ರೂಢಿಸಿಕೊಂಡಿದೆ ಎಂಬುದನ್ನು ಆ ಗೋಡೆ ಹೇಳುವುದಿಲ್ಲ. ಅದನ್ನು ಅಳೆಯುವುದೇ ನನ್ನ ವೃತ್ತಿ. ನಾನು ಅಳೆಯಲು ಹೋದಾಗ ನನಗೆ ನಿಜ ಹೇಳುವವರು ನಿಮ್ಮಂಥ ಹೊಸಬರು. ಅದಕ್ಕೇ ಇಂದು ಈ ವಿಷಯ.

ಈ ಅಳತೆಯ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಪಾಲಿದೆ. ಸರ್ಕಾರಿ ಸಂಸ್ಥೆಯಾದ ಕಿಯೋನಿಕ್ಸ್ 1978ರಲ್ಲಿ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ತೊಡಗಿತು. ಮರುವರ್ಷ ಅಮೆರಿಕದಲ್ಲಿ ಫಿಲಿಪ್ ಕ್ರಾಸ್ಬಿ ತಮ್ಮ ಪುಸ್ತಕವೊಂದರಲ್ಲಿ, ಗುಣಮಟ್ಟದ ವಿಷಯದಲ್ಲಿ ಕಂಪನಿಗಳು ಹೇಗೆ ಐದು ಹಂತಗಳಲ್ಲಿ ಪ್ರಬುದ್ಧವಾಗುತ್ತವೆ ಎಂದು ಒಂದು ಕೋಷ್ಟಕ ಹಾಕಿ ತೋರಿಸಿದರು. ಸಾಫ್ಟ್‌ವೇರ್ ಬರೆದುಕೊಡುವ ಕಂಪನಿಗಳಲ್ಲಿ ಯಾರನ್ನು ನಂಬಬಹುದು ಎಂಬ ಪ್ರಶ್ನೆ ಅಮೆರಿಕದ ರಕ್ಷಣಾ ಇಲಾಖೆಯನ್ನು ಕಾಡುತ್ತಿದ್ದ ಕಾಲ ಅದು. ಐಬಿಎಂನಲ್ಲಿ ದುಡಿದು ಬಂದ ವಾಟ್ಸ್ ಹಂಫ್ರಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯಲ್ಲಿ ಇದೇ ಐದು ಹಂತಗಳ ಯೋಚನೆಯನ್ನು ಸಾಫ್ಟ್‌ವೇರ್‌ಗೆ ಒಗ್ಗಿಸಿದರು. ಅದರಿಂದ 1991ರಲ್ಲಿ ಸಿಎಂಎಂ, ಅಂದರೆ ಆ ಗೋಡೆಯ ಮೇಲಿನ ಸಿಎಂಎಂಐನ ಪೂರ್ವರೂಪ, ಹೊರಬಂತು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಕಡೆ ಮಾತ್ರ ಐದನೆಯ ಹಂತ ದಕ್ಕಿದ್ದ 1990ರ ದಶಕದ ಮೊದಲರ್ಧದಲ್ಲೇ ಮೋಟೊರೊಲಾದ ಬೆಂಗಳೂರು ಘಟಕ ಅಲ್ಲಿಗೆ ಮುಟ್ಟಿತು. 1998ರಲ್ಲಿ ವಿಪ್ರೊ, 1999ರಲ್ಲಿ ಇನ್ಫೋಸಿಸ್ ಅದೇ ಹಂತಕ್ಕೇರಿದವು. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಲೆವೆಲ್ 5 ಸಂಸ್ಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿದ್ದವು. ಸಾವಿರಾರು ಮೈಲಿ ದೂರದ ಗ್ರಾಹಕನಿಗೆ ನಮ್ಮ ಹುಡುಗರ ಕೆಲಸದ ಮೇಲೆ ನಂಬಿಕೆ ಹುಟ್ಟಿಸಿದ್ದರಲ್ಲಿ ಇದರ ಪಾತ್ರ ಸಣ್ಣದಲ್ಲ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಆದರೆ ಆ ಐದು ಹಂತಗಳು ನೆಲದ ಮೇಲೆ ಹೇಗಿರುತ್ತವೆ ಎಂದು ನೋಡಬೇಕಾದರೆ ನೀವು ನನ್ನ ಜೊತೆ ಒಂದು ಲೈನ್‌ಗೆ ಬರಬೇಕು.

ಕಾರಿನ ಕಂಟ್ರೋಲ್ ಯೂನಿಟ್, ವಿದ್ಯುತ್ ಮೀಟರ್ ಇವುಗಳೊಳಗಿನ ಹಸಿರು ಬೋರ್ಡುಗಳನ್ನು ತಯಾರಿಸುವ ಲೈನ್ ಅದು. ಕಂಪನಿಯ ಹೆಸರು ಬೇಡ. ಅಲ್ಲಿ ಮೊದಲ ಕೆಲಸ ಸೋಲ್ಡರ್ ಪೇಸ್ಟ್ ಬಳಿಯುವುದು. ಸ್ಟೀಲಿನ ತೆಳುವಾದ ಸ್ಟೆನ್ಸಿಲ್‌ನಲ್ಲಿ ಬಹಳ ಸಣ್ಣ ಕಿಂಡಿಗಳಿರುತ್ತವೆ. ಸ್ಕ್ವೀಜಿ ಪೇಸ್ಟನ್ನು ತಳ್ಳಿಕೊಂಡು ಹೋದಂತೆ ಅದು ಆ ಕಿಂಡಿಗಳಿಂದ ಬೋರ್ಡಿನ ಮೇಲೆ ಇಳಿಯುತ್ತದೆ. ಊಟದ ಬಿಡುವಿನಲ್ಲಿ ಮಷೀನು ಅರ್ಧ ಗಂಟೆ ನಿಂತರೆ ಕಿಂಡಿಗಳಲ್ಲಿ ಉಳಿದ ಪೇಸ್ಟು ಒಣಗಿ ಗಟ್ಟಿಯಾಗುತ್ತದೆ. ಬಿಡುವು ಮುಗಿದ ಮೇಲೆ ಮೊದಲ ನಾಲ್ಕಾರು ಬೋರ್ಡುಗಳಿಗೆ ಪೇಸ್ಟು ಸಾಲುವುದಿಲ್ಲ. ಅವು ಟೆಸ್ಟಿಂಗ್‌ನಲ್ಲಿ ಫೇಲಾಗಿ ರೀವರ್ಕ್ ಬೆಂಚಿಗೆ ಹೋಗುತ್ತವೆ. ಆನೇಕಲ್ ಕಡೆಯ ಹಳ್ಳಿಯಿಂದ ಕಂಪನಿ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಆ ಮಷೀನಿನ ಆಪರೇಟರ್. ಆಕೆ ಊಟ ಮುಗಿಸಿ ಬಂದವರೇ ಮೊದಲು ಸ್ಟೆನ್ಸಿಲ್ ಒರೆಸಿ, ಒಂದು ಹಳೆಯ ಬೋರ್ಡನ್ನು ಓಡಿಸಿ ನೋಡಿ, ಆಮೇಲೆ ಲೈನ್ ಬಿಡುತ್ತಿದ್ದರು. ಆಕೆಯ ಶಿಫ್ಟಿನಲ್ಲಿ ಆ ದೋಷ ಇರಲಿಲ್ಲ. ಆಕೆ ರಜೆ ಹಾಕಿದ ದಿನ ಮತ್ತೆ ಬರುತ್ತಿತ್ತು.

ಇದೇ ಮೊದಲ ಹಂತ. ಜಾಣತನ ಒಬ್ಬರ ಕೈಯಲ್ಲಿದೆ, ಕಂಪನಿಯಲ್ಲಿ ಇಲ್ಲ. ಆಕೆಯ ಪಕ್ಕದವರು ನೋಡಿ ಕಲಿತು ಅದೇ ಲೈನಿನಲ್ಲಿ ಎಲ್ಲರೂ ಹಾಗೇ ಮಾಡತೊಡಗಿದರೆ ಎರಡನೆಯದು. ಅದು ವರ್ಕ್ ಇನ್‌ಸ್ಟ್ರಕ್ಷನ್‌ನಲ್ಲಿ ಸೇರಿ, ಮೂರೂ ಶಿಫ್ಟಿನಲ್ಲಿ, ಎಲ್ಲ ಲೈನುಗಳಲ್ಲಿ, ನಾಳೆ ಬೆಳಿಗ್ಗೆ ಸೇರುವವರಿಗೂ ಕಲಿಸುವ ಪಾಠವಾದರೆ ಮೂರನೆಯದು. ಬಹಳಷ್ಟು ಕಂಪನಿಗಳು ಪ್ರಾಮಾಣಿಕವಾಗಿ ಇಲ್ಲಿಯವರೆಗೆ ಬರುತ್ತವೆ, ಇದೇ ಸಣ್ಣ ಸಾಧನೆಯಲ್ಲ. ನಾಲ್ಕನೆಯ ಹಂತದಲ್ಲಿ ಲೆಕ್ಕ ಬರುತ್ತದೆ: ಬಿಡುವಿನ ನಂತರದ ಮೊದಲ ಬೋರ್ಡುಗಳನ್ನು ಬೇರೆಯಾಗಿ ಎಣಿಸಿ, ಒರೆಸಿದಾಗ ಎಷ್ಟು ಕೆಟ್ಟವು, ಒರೆಸದಿದ್ದಾಗ ಎಷ್ಟು ಎಂದು ನಕ್ಷೆಯಲ್ಲಿ ಗುರುತಿಸುತ್ತಾರೆ. ಐದನೆಯದರಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ಸರದಿಯ ಮೇಲೆ ಊಟಕ್ಕೆ ಹೋದರೆ ಮಷೀನು ನಿಲ್ಲಿಸುವ ಅಗತ್ಯವೇನು? ಪಕ್ಕದ ಕಟ್ಟಡದಲ್ಲಿ ಅಂಟು ಹಾಕುವ ಮಷೀನಿಗೂ ಬಿಡುವಿನ ನಂತರ ಹೀಗೇ ಆಗುತ್ತಿದೆಯೇ? ಅಲ್ಲಿಯವರಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ?

ಆ ಕಂಪನಿ ತನಗೆ ತಾನೇ ಅಂಕ ಕೊಟ್ಟುಕೊಂಡ ವರದಿಯಲ್ಲಿ ನಾಲ್ಕನೆಯ ಹಂತ ಎಂದು ಬರೆದಿತ್ತು. ಆಪರೇಟರ್ ಸ್ಟೆನ್ಸಿಲ್ ಒರೆಸುವ ಬಗ್ಗೆ ಒಂದು ವರ್ಷದ ಹಿಂದೆಯೇ ಚೀಟಿ ಬರೆದು ಸಲಹಾ ಪೆಟ್ಟಿಗೆಗೆ ಹಾಕಿದ್ದರು. ಉತ್ತರ ಬಂದಿರಲಿಲ್ಲ. ಕಾರಣ ಕೇಳಿದಾಗ ತಿಳಿದದ್ದು: ಆಕೆ ಗುತ್ತಿಗೆ ಕೆಲಸಗಾರ್ತಿ, ಕೈಜೆನ್ ಅಂದರೆ ನಿರಂತರ ಸುಧಾರಣೆಯ ಯೋಜನೆ ಕಾಯಂ ನೌಕರರಿಗೆ ಮಾತ್ರ.

ಇದು ನನ್ನನ್ನು ಇಂದಿಗೂ ಕೆರಳಿಸುತ್ತದೆ. ನಮ್ಮ ಹೊಸೂರು ರಸ್ತೆಯ ಉದ್ದಕ್ಕೂ, ಪೀಣ್ಯದಲ್ಲಿ, ವೈಟ್‌ಫೀಲ್ಡ್‌ನಲ್ಲಿ ಮಷೀನಿನ ಮುಂದೆ ನಿಂತವರಲ್ಲಿ ದೊಡ್ಡ ಪಾಲು ಗುತ್ತಿಗೆಯವರು, ಅಪ್ರೆಂಟಿಸ್‌ಗಳು, ಟ್ರೈನಿಗಳು. ದೋಷ ಹುಟ್ಟುವ ಜಾಗಕ್ಕೆ ಅತಿ ಹತ್ತಿರ ಇರುವವರು ಅವರೇ. ಗುರುತಿನ ಚೀಟಿಯ ಬಣ್ಣ ಬೇರೆ ಎಂಬ ಕಾರಣಕ್ಕೆ ಅವರ ಬಾಯಿ ಮುಚ್ಚಿಸಿದ ಕಂಪನಿ ಎಷ್ಟೇ ಚೆಂದದ ವರದಿ ಬರೆದರೂ ಅದಕ್ಕೆ ನಾನು ಎರಡರ ಮೇಲೆ ಅಂಕ ಕೊಡಲಾರೆ. ಹನ್ನೊಂದು ತಿಂಗಳಿಗೊಮ್ಮೆ ಜನ ಬದಲಾಗುವ ಕಡೆ ಮೂರನೆಯ ಹಂತ ನಿಲ್ಲುವುದೂ ಕಷ್ಟ. ಕಲಿತವರು ಹೋಗಿಬಿಡುತ್ತಾರೆ, ದೋಷ ಉಳಿಯುತ್ತದೆ.

ಹಾಗಾದರೆ ಅಳೆಯುವವರು ಏನನ್ನು ನೋಡಬೇಕು? ನಾನು ಕೈಜೆನ್ ಬೋರ್ಡಿನ ಮುಂದೆ ನಿಂತಾಗ ಮೊದಲು ತಾರೀಖುಗಳನ್ನು ಓದುತ್ತೇನೆ. ಐಎಸ್‌ಒ ಪ್ರಮಾಣಪತ್ರದ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಆಡಿಟ್. ಸುಧಾರಣೆಗಳು ವರ್ಷವಿಡೀ ಹರಡಿಕೊಂಡಿದ್ದರೆ ಒಳ್ಳೆಯದು; ಆಡಿಟ್‌ನ ಹಿಂದಿನ ತಿಂಗಳಲ್ಲೇ ಗುಡ್ಡೆ ಬಿದ್ದಿದ್ದರೆ, ಎಲ್ಲ ಹಾಳೆಗಳ ಬರಹವೂ ಒಂದೇ ಕೈಯದಾಗಿದ್ದರೆ, ಯಾರೋ ಒಬ್ಬ ಕಿರಿಯ ಎಂಜಿನಿಯರ್ ರಾತ್ರಿ ಕೂತು ತುಂಬಿಸಿದ್ದಾನೆ ಎಂದೇ ಅರ್ಥ. ಆ ಕಿರಿಯ ಎಂಜಿನಿಯರ್ ನಾಳೆ ನೀವೇ ಆಗಬಹುದು. ತುಂಬಿಸು ಎಂದು ಹೇಳಿದರೆ ಆಗುವುದಿಲ್ಲ ಎನ್ನಲು ನಿಮಗೆ ಧೈರ್ಯ ಬೇಕು, ಅದು ಸುಲಭವಲ್ಲ ಎಂದು ನನಗೆ ಗೊತ್ತು. ಎರಡನೆಯದಾಗಿ, ಫಲಿಸದೆ ಹೋದ ಪ್ರಯತ್ನಗಳ ದಾಖಲೆ ಕೇಳುತ್ತೇನೆ. ನಿಜವಾಗಿ ಪ್ರಯೋಗ ಮಾಡುವ ಕಡೆ ಸೋಲೂ ಇರಲೇಬೇಕು. ಬರೀ ಗೆಲುವಿನ ಫೋಟೊಗಳಿದ್ದರೆ ಅಲ್ಲಿ ಜನ ಹೆದರಿದ್ದಾರೆ.

ಮಾಡಿದ ಬದಲಾವಣೆಯನ್ನು ಮೂರು ತಿಂಗಳ ನಂತರ ಮತ್ತೆ ಹೋಗಿ ನೋಡಿದವರು ಯಾರು ಎಂಬ ಪ್ರಶ್ನೆಗೆ ಹೆಚ್ಚಿನ ಕಡೆ ಮೌನವೇ ಉತ್ತರ. ಯೋಜಿಸುವುದು, ಮಾಡುವುದು ನಮಗೆ ಬರುತ್ತದೆ; ಪರಿಶೀಲಿಸುವ ಮೂರನೆಯ ಹೆಜ್ಜೆಯಲ್ಲಿ ನಾವು ಎಡವುತ್ತೇವೆ. ವಿಚಿತ್ರವೆಂದರೆ ಅಳೆದು ಪರಿಶೀಲಿಸುವ ಈ ವಿದ್ಯೆ ನಮಗೆ ತಡವಾಗಿ ಬಂದದ್ದಲ್ಲ. ಕಂಟ್ರೋಲ್ ಚಾರ್ಟ್‌ನ ಜನಕ ವಾಲ್ಟರ್ ಶೂಹಾರ್ಟ್ 1947–48ರಲ್ಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕರೆಯ ಮೇರೆಗೆ ಭಾರತಕ್ಕೆ ಬಂದಿದ್ದರು. ಅವರ ವಿಚಾರಗಳನ್ನೇ ಬೆಳೆಸಿದ ಡೆಮಿಂಗ್ ಜಪಾನಿನ ಉದ್ಯಮಿಗಳಿಗೆ ಪಾಠ ಹೇಳಿದ್ದು 1950ರಲ್ಲಿ. ಜಪಾನಿನಲ್ಲಿ 1962ರಿಂದ ಕ್ವಾಲಿಟಿ ಸರ್ಕಲ್‌ಗಳ ಮೂಲಕ ಆ ಕಂಟ್ರೋಲ್ ಚಾರ್ಟ್ ಕೆಲಸಗಾರರ ಕೈಗೆ ಬಂತು. ನಮ್ಮಲ್ಲಿ ಅದು ಪರಿಣತರ ಮೇಜಿನ ಮೇಲೆ ಹೆಚ್ಚು ಕಾಲ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ನಮ್ಮ ಕೈಲಾಗದ್ದೇನೂ ಅಲ್ಲ. ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಹೊಸೂರಿನ ಟಿವಿಎಸ್ ಮೋಟಾರ್ 2002ರಲ್ಲಿ ಡೆಮಿಂಗ್ ಪ್ರಶಸ್ತಿ ಗಳಿಸಿತು. ಆ ಪ್ರಶಸ್ತಿಯ ಪರೀಕ್ಷಕರು ಪ್ರೆಸೆಂಟೇಶನ್ ನೋಡಿ ಎದ್ದುಹೋಗುವುದಿಲ್ಲ, ಶಾಪ್ ಫ್ಲೋರ್‌ಗೆ ಇಳಿದು ಕೆಲಸ ಮಾಡುವವರನ್ನೇ ಪ್ರಶ್ನಿಸುತ್ತಾರೆ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಬಗ್ಗೆ ಎರಡು ಮಾತು ಹೇಳಲೇಬೇಕು. ನೌಕರರ ಸಲಹೆಗಳನ್ನು ಕೇಳುವ ಪದ್ಧತಿಯನ್ನು ಟೊಯೋಟಾ ಜಪಾನಿನಲ್ಲಿ 1951ರಲ್ಲೇ ಶುರುಮಾಡಿತು. ಬಿಡದಿಯಲ್ಲಿ 2007ರಲ್ಲಿ ತೆರೆದ ಅದರ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡ ಮಕ್ಕಳಿಗೆ ಈ ಶಿಸ್ತನ್ನು ಚಿಕ್ಕ ವಯಸ್ಸಿನಲ್ಲೇ ಕಲಿಸುತ್ತಿದೆ. ಅದೇ ಬಿಡದಿಯಲ್ಲಿ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕೌಟ್ ಆಗಿ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರುಗಳಲ್ಲಿ ಒಂದಾಗಿತ್ತು, ಕಂಪನಿ ಅದನ್ನು ಒಪ್ಪಲಿಲ್ಲ. ಯಾರು ಸರಿ ಎಂದು ತೀರ್ಪು ಕೊಡಲು ನಾನು ಇದನ್ನು ಎತ್ತುತ್ತಿಲ್ಲ. ಸುಧಾರಣೆಯಿಂದ ಉಳಿದ ಸೆಕೆಂಡುಗಳು ಯಾರ ಪಾಲಾಗುತ್ತವೆ ಎಂಬ ಪ್ರಶ್ನೆ ಯಾವ ಕಂಪನಿಯನ್ನೂ ಬಿಡುವುದಿಲ್ಲ. ತನ್ನ ಸಲಹೆಯಿಂದ ಕೆಲಸ ಹಗುರವಾಗುತ್ತದೆ ಎಂದರೆ ಜನ ಮತ್ತೆ ಹೇಳುತ್ತಾರೆ. ಪಕ್ಕದವರ ಕೆಲಸ ಹೋಗುತ್ತದೆ ಎಂದು ಕಂಡರೆ ಇನ್ನೆಂದೂ ಹೇಳುವುದಿಲ್ಲ. ಮೌಲ್ಯಮಾಪನದ ಪ್ರಶ್ನಾವಳಿಗಳಲ್ಲಿ ಈ ಪ್ರಶ್ನೆ ಅಪರೂಪ. ಅದನ್ನು ಸೇರಿಸಿ ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ.

ಇನ್ನೊಂದು ವಿಷಯ, ಸರಾಸರಿ. ಒಂದು ವಿಭಾಗ ಐದರಲ್ಲಿದೆ, ಇನ್ನೊಂದು ಒಂದರಲ್ಲಿದೆ, ಕೂಡಿಸಿ ಭಾಗಿಸಿ ಮೂರು ಎಂದು ಬರೆಯುತ್ತಾರೆ. ಅಂಥ ಮೂರನ್ನು ನಂಬಬೇಡಿ. ಐಎಸ್‌ಒ 9004ರಲ್ಲಿರುವ ಸ್ವಯಂ ಮೌಲ್ಯಮಾಪನ ಒಂದೊಂದು ಅಂಶಕ್ಕೂ ಬೇರೆ ಬೇರೆ ಮಟ್ಟ ಗುರುತಿಸಲು ಹೇಳುವುದು ಸುಮ್ಮನೆ ಅಲ್ಲ. ಎಲ್ಲಿ ತಗ್ಗಿದೆ ಎಂದು ಕಾಣಬೇಕು, ಅಷ್ಟೇ ಅದರ ಉಪಯೋಗ.

ಮುಂದಿನ ಸಾಲಿನಲ್ಲಿ ಈ ಭಾಗದ ಹಲವು ಕಂಪನಿಗಳ ಮುಖ್ಯಸ್ಥರು ಕುಳಿತಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಮಕ್ಕಳು ನಿಮ್ಮಲ್ಲಿ ಸೇರಿ ಆರು ತಿಂಗಳಾದ ಮೇಲೆ ಅದೇ ಸ್ವಯಂ ಮೌಲ್ಯಮಾಪನದ ಪ್ರಶ್ನಾವಳಿಯನ್ನು ಅವರ ಕೈಗೂ, ಅವರ ಪಕ್ಕದಲ್ಲಿ ಕೆಲಸ ಮಾಡುವ ಗುತ್ತಿಗೆಯವರ ಕೈಗೂ ಕೊಡಿ. ಹೆಸರು ಬರೆಸಿಕೊಳ್ಳಬೇಡಿ, ಕನ್ನಡದಲ್ಲಿ ಕೊಡಿ. ಅವರ ಅಂಕಗಳನ್ನು ಮ್ಯಾನೇಜರ್‌ಗಳ ಅಂಕಗಳ ಪಕ್ಕದಲ್ಲಿಟ್ಟು ನೋಡಿ. ಯಾವ ಅಂಶದಲ್ಲಿ ಇಬ್ಬರ ನಡುವೆ ಅಂತರ ಎಲ್ಲಕ್ಕಿಂತ ದೊಡ್ಡದೋ, ಮುಂದಿನ ವರ್ಷದ ಕೆಲಸವನ್ನು ಅಲ್ಲಿಂದ ಶುರುಮಾಡಿ.