ಬೂದಿಕಣಮದ ಬೂದಿ ಯಾರದು?



ಮೈಕಿನ ಪಕ್ಕದಲ್ಲಿ ಒಂದು ತುಂಡು ಇಟ್ಟುಕೊಂಡು ಕೂತಿದ್ದೇನೆ. ಹೆಬ್ಬೆರಳಿನಷ್ಟು ದಪ್ಪ, ಬೂದು ಬಣ್ಣ, ಮೈತುಂಬ ತೂತು. ಒಂದು ಮಗ್ಗುಲಲ್ಲಿ ಮಾತ್ರ ಗಾಜಿನ ಹೊಳಪು. ನೋಡಿದವರೆಲ್ಲ ಕಬ್ಬಿಣದ ಕಿಟ್ಟ ಅನ್ನುತ್ತಾರೆ. ಕೈಗೆ ಕೊಟ್ಟರೆ, ಅರೆ, ಇಷ್ಟು ಹಗುರ ಇದೆಯಲ್ಲ ಅಂತ ತಿರುಗಿಸಿ ನೋಡುತ್ತಾರೆ. ಇದು ಎಲ್ಲಿಂದ ಬಂತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನನ್ನ ಊರು ಕುರುಗೋಡು. ಹೊಟ್ಟೆಪಾಡು ಬೇರೆ, ಹುಚ್ಚು ಬೇರೆ. ಕಲ್ಲು, ಬೂದಿ, ಮಡಕೆ ಚೂರು ಅಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮನೆಯವರು ಇದಕ್ಕೆ ಕೆಲಸವಿಲ್ಲದ ಬಡಗಿಯ ಗಾದೆ ಹೇಳುತ್ತಾರೆ. ರೇಡಿಯೋದಲ್ಲಿ ಅದನ್ನು ಪೂರ್ತಿ ಹೇಳುವ ಹಾಗಿಲ್ಲ. ಆದರೆ ನಮ್ಮ ಜಿಲ್ಲೆಯ ಅತಿ ಹಳೆಯ ಚರಿತ್ರೆ ಬೆಳಕಿಗೆ ಬಂದದ್ದೇ ಇಂಥ ಬಡಗಿಗಳಿಂದ.

ಬಳ್ಳಾರಿಯಿಂದ ಹೊಸಪೇಟೆ ರಸ್ತೆ ಹಿಡಿದರೆ ಕುಡತಿನಿ ಸಿಗುತ್ತದೆ. ಅದರಾಚೆ ಗುಡ್ಡಗಳ ಸಂದಿನಲ್ಲಿ ಒಂದು ದೊಡ್ಡ ಬೂದಿ ದಿಬ್ಬ, ಹೆಸರು ಬೂದಿಕಣಮ. ಕಣಮ ಅಂದರೆ ಕಣಿವೆ. ಕನ್ನಡ, ತೆಲುಗು ಎರಡೂ ಕಲೆತ ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇನ್ನೂ ಹಲವು ಇವೆ.

1836ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ ಈ ಬೂದಿಯ ಬಗ್ಗೆ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಬರೆದರು. ಕರಗಿ ಗಟ್ಟಿಯಾದ ಗಂಟುಗಳನ್ನು ನೋಡಿದ ಅವರಿಗೆ ಮೊದಲು ಹೊಳೆದದ್ದು ಜ್ವಾಲಾಮುಖಿ. ಊರವರ ಹತ್ತಿರ ಬೇರೆ ಉತ್ತರವಿತ್ತು. ಭೀಮಸೇನ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅದು! ನಗಬೇಡಿ. ಜ್ವಾಲಾಮುಖಿಯ ಮಾತು ಹುಸಿಯಾಯಿತು. ಊರವರು ಮಾತ್ರ ಇದು ಮನುಷ್ಯರ ಕಾಲದಲ್ಲಿ ಏನನ್ನೋ ಸುಟ್ಟ ಬೂದಿ ಎಂಬಷ್ಟನ್ನು ಸರಿಯಾಗಿಯೇ ಹಿಡಿದಿದ್ದರು.

ನ್ಯೂಬೋಲ್ಡ್ ಆದಮೇಲೆ ಬಳ್ಳಾರಿಗೆ ಬಂದ ಅಧಿಕಾರಿಗಳಿಗೆಲ್ಲ ಈ ಹುಚ್ಚು ಅಂಟಿಕೊಂಡಂತೆ ಕಾಣುತ್ತದೆ. ಫ್ರೇಸರ್ ಎಂಬ ಇಂಜಿನಿಯರು ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಕಲ್ಲುಕೊಡಲಿ ಮಾಡುತ್ತಿದ್ದ ಜಾಗ ಗುರುತಿಸಿದರು. ಪೊಲೀಸ್ ಅಧಿಕಾರಿ ಫಾಸೆಟ್, ಅಲ್ಲಿನ ಕರಿಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳ ಚಿತ್ರಗಳ ಬಗ್ಗೆ 1892ರಲ್ಲಿ ಬರೆದರು. ಆ ಬಂಡೆಗಳಲ್ಲಿ ಕೆಲವನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯ ಹಾಗೆ ನಾದ ಬರುತ್ತದೆ. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ಸಂಶೋಧಕಿ ಆ ನಾದದ ಕುರಿತೇ ಪ್ರಬಂಧ ಬರೆದರು. ಕಲೆಕ್ಟರ್ ರಾಬರ್ಟ್ ಸೀವೆಲ್ ಅವರದು ಇನ್ನೊಂದು ತಮಾಷೆ. ಹಂಪಿಯ ಇತಿಹಾಸವನ್ನು 1900ರಲ್ಲಿ ಪುಸ್ತಕ ಮಾಡಿದವರು ಅವರೇ. ತಲೆಯಲ್ಲಿ ವಿಜಯನಗರವೇ ತುಂಬಿತ್ತೋ ಏನೋ, ಬೂದಿ ದಿಬ್ಬ ನೋಡಿದಾಗಲೂ ಅವರ ಯೋಚನೆ ಆ ಕಾಲದ ಚಿತೆಗಳ ಕಡೆಗೇ ಹರಿಯಿತು. ಹವ್ಯಾಸಿಗಳಿಗೆ ಇರುವ ರೋಗ ಇದು, ನನಗೂ ಇದೆ: ಕೈಯಲ್ಲಿರುವ ಕೀಲಿಗೇ ಎಲ್ಲ ಬೀಗ ಹೊಂದಬೇಕು.

ಇವರಲ್ಲೆಲ್ಲ ನನಗೆ ಹಿಡಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭೂಗರ್ಭ ಇಲಾಖೆಯ ನೌಕರ. ಸಂಬಳ ಬರುತ್ತಿದ್ದದ್ದು ಬಂಡೆಗಳ ನಕ್ಷೆ ಬರೆಯುವುದಕ್ಕೆ. ಜೇಬು ತುಂಬುತ್ತಿದ್ದದ್ದು ಆದಿಮಾನವರ ಕಲ್ಲಾಯುಧಗಳಿಂದ. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಅವರು ಹೆಕ್ಕಿದ ಒಂದು ಕಲ್ಲು, ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದ ಎಂಬುದಕ್ಕೆ ಮೊದಲ ಸಾಕ್ಷಿಯಾಯಿತು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರು ಬರೆದ ಗ್ರಂಥ 1895ರಲ್ಲಿ ಬಂತು. ಬೂದಿ ದಿಬ್ಬದ ಗಂಟನ್ನು ಬಿಚ್ಚುವ ದಾರಿ ಕೊನೆಗೆ ಅವರಿಗೆ ಹೊಳೆದದ್ದು ಆಫ್ರಿಕಾದ ವರ್ತಮಾನದಿಂದ. ಅಲ್ಲಿ ದನಗಳನ್ನು ಮುಳ್ಳುಬೇಲಿಯೊಳಗೆ ಕೂಡುತ್ತಾರೆ, ಸಗಣಿ ಗುಡ್ಡೆ ಬೀಳುತ್ತದೆ, ಬೆಂಕಿ ಬಿದ್ದರೆ ಬೂದಿಯ ರಾಶಿ ಉಳಿಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ದನದ ರೊಪ್ಪ. ಫೂಟ್ 1912ರಲ್ಲಿ ತೀರಿಕೊಂಡರು. ಈ ವಿಚಾರ ಇದ್ದ ಪುಸ್ತಕ ಹೊರಬಂದದ್ದು 1916ರಲ್ಲಿ.

ಆದರೂ ವಾದ ಮುಗಿಯಲಿಲ್ಲ. ಕಬ್ಬಿಣ ಕರಗಿಸಿದ ಕಿಟ್ಟ ಎಂದವರು ಆಮೇಲೂ ಇದ್ದರು.

1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು ರಾಯಚೂರಿನಾಚೆ, ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿ ದಿಬ್ಬವನ್ನು ಅಗೆದರು. ಪದರದ ಮೇಲೆ ಪದರ ಬೂದಿ. ಸುತ್ತ ಮರದ ಗೂಟ ನೆಟ್ಟು ಬೇಲಿ ಕಟ್ಟಿದ್ದ ಕುಣಿಗಳು ಸಾಲಾಗಿ ಕಂಡವು. ಬೂದಿಯ ಮೇಲೆ ದನಗಳ ಗೊರಸಿನ ಗುರುತು ಅಚ್ಚೊತ್ತಿದ ಹಾಗೆ ಉಳಿದಿತ್ತು. ಯೋಚಿಸಿ ನೋಡಿ, ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಹಸು ಬೂದಿ ತುಳಿದು ಹೋಗಿದೆ, ಹೆಜ್ಜೆ ಇನ್ನೂ ಇದೆ! ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಎಫ್. ಇ. ಝಾಯ್ನರ್ ಅವರು ಬಳ್ಳಾರಿ ಸೀಮೆಯ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿ, ಇದು ಸುಟ್ಟ ಸಗಣಿಯೇ ಎಂದು ಬರೆದರು. ಭೀಮನೂ ಹೋದ, ಜ್ವಾಲಾಮುಖಿಯೂ ಹೋಯಿತು.

ಸಗಣಿ ಗಾಜಾಗುವುದು ಹೇಗೆ? ಹುಲ್ಲಿನ ಗರಿ ಕೈ ಕೊಯ್ಯುತ್ತದಲ್ಲ, ಆ ಹರಿತದಲ್ಲಿ ಸಿಲಿಕಾದ ಪಾಲಿದೆ, ಅಂದರೆ ಮರಳಿನದೇ ವಸ್ತು. ದನ ಅದನ್ನು ಮೇಯುತ್ತದೆ, ಆದರೆ ಅರಗಿಸಿಕೊಳ್ಳಲಾರದು. ಸಗಣಿಯಲ್ಲಿ ಹಾಗೇ ಉಳಿಯುತ್ತದೆ. ಇನ್ನು ಬೂದಿಯಲ್ಲಿ ಕ್ಷಾರ ಇದೆ. ಪಾತ್ರೆಯ ಜಿಡ್ಡು ಬಿಡಿಸಲು ನಮ್ಮ ಹೆಂಗಸರು ಬೂದಿ ಹಾಕಿ ತಿಕ್ಕುತ್ತಿದ್ದದ್ದು ಅದಕ್ಕೇ. ಬಲವಾದ ಕಾವು ಸಿಕ್ಕಾಗ ಆ ಕ್ಷಾರ ಸಿಲಿಕಾವನ್ನು ಬೇಗ ಕರಗಿಸುತ್ತದೆ. ಗಾಜು ಮಾಡುವವರ ಗುಟ್ಟೂ ಇದೇ.

ಪುಸ್ತಕದಲ್ಲಿ ಓದಿದರೆ ನನಗೆ ಸಮಾಧಾನ ಆಗುವುದಿಲ್ಲ. ನಮ್ಮ ಅಜ್ಜಿ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು; ಒಲೆ ಆರಿದಮೇಲೆ ಬೂದಿ ಎಷ್ಟು ನುಣ್ಣಗಿರುತ್ತಿತ್ತು ಅನ್ನುವುದು ಕೈಗೆ ನೆನಪಿದೆ, ಗಾಜು ಕಂಡ ನೆನಪಿಲ್ಲ. ಒಲೆಯ ಕಾವು ಸಾಲದು ಅಂತ ಒಂದು ಬುಟ್ಟಿ ಕುಳ್ಳು ಸುಟ್ಟು, ಆ ಬೂದಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಸಿರುಗುಪ್ಪದ ಒಂದು ಕುಲುಮೆಗೆ ಹೋದೆ. ಭತ್ತದ ಕುಯಿಲಿನ ಕಾಲ, ಕುಡುಗೋಲುಗಳ ರಾಶಿ ಬಿದ್ದಿತ್ತು. ಕಮ್ಮಾರ ನನ್ನ ಡಬ್ಬಿ ನೋಡಿ, "ಏನ್ರೀ ಸಾರ್, ವಿಭೂತಿ ಮಾಡ್ತೀರೇನು?" ಅಂದ. ಬೂದಿಯನ್ನು ನೀರಿನಲ್ಲಿ ಕಲಸಿ ಉಂಡೆ ಕಟ್ಟಿ ಕೆಂಡದ ನಡುವೆ ಇಟ್ಟೆವು. ಮೊದಲ ಉಂಡೆ ಒಡೆದು ಕೆಂಡದಲ್ಲಿ ಕಲೆತುಹೋಯಿತು. ಎರಡನೆಯದನ್ನು ಒಣಗಿಸಿ ಇಟ್ಟು ಗಾಳಿ ಜೋರು ಮಾಡಿದಾಗ ಮೈ ಬೆವರಿದ ಹಾಗೆ ಮಿನುಗಿತು. ಇಕ್ಕಳದಿಂದ ಎತ್ತಿ ಆರಿಸಿದರೆ ಇಗೋ, ಇದೇ ತುಂಡು.

ಬೂದಿ ದಿಬ್ಬಗಳ ಕಾಲದ ಆ ದನಗಾಹಿಗಳ ಮನೆ ಹೇಗಿತ್ತು ಅನ್ನುವುದಕ್ಕೆ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಗೇ ಹೋಗಬೇಕು. 1963ರಿಂದ 65ರವರೆಗೆ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿನ ಗುಡ್ಡಗಳಲ್ಲಿ ಅಗೆದರು. ಬಂಡೆಗಳ ಆಸರೆಯಲ್ಲಿ ದುಂಡನೆ ಗುಡಿಸಲುಗಳು. ಕಲ್ಲುಕೊಡಲಿಯ ಜನರೇ, ಆದರೂ ಕಿವಿಗೆ ಬಂಗಾರದ ಸುರುಳಿ ಇತ್ತು. ಸುಟ್ಟು ಕರಿಯಾದ ಹುರುಳಿ ಕಾಳೂ ಸಿಕ್ಕಿತು. ಸಂಗನಕಲ್ಲಿನಲ್ಲಿ ಮುಂದೆ ನಡೆದ ಶೋಧದಲ್ಲಿ ಹುರುಳಿ, ಹೆಸರು, ಕೊರಲೆ ಕಾಣಿಸಿದವು. ಈಗ ಸಿರಿಧಾನ್ಯ ಅಂತ ಪೊಟ್ಟಣ ಕಟ್ಟಿ ಮಾರುವ ಅದೇ ಕೊರಲೆ. ಈ ವಸ್ತುಗಳನ್ನು ಕಣ್ಣಾರೆ ನೋಡಲು ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮ ಅದರ ಹಿಂದಿದೆ.

ಆ ದನಗಾಹಿಗಳು ಸಗಣಿಯನ್ನು ಯಾಕೆ ಸುಟ್ಟರು? ಆಲ್ಚಿನ್ ಅವರಿಗೆ ಸಂಕ್ರಾಂತಿಯ ಕಿಚ್ಚು ನೆನಪಾಯಿತು, ದನಗಳನ್ನು ಬೆಂಕಿ ಹಾಯಿಸುವ ಹಬ್ಬ. ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದ ಕೆ. ಪದ್ದಯ್ಯ ಅವರಿಗೆ ದಿಬ್ಬದ ಪಕ್ಕದಲ್ಲೇ ಜನ ವಾಸ ಮಾಡಿದ ಕುರುಹುಗಳು ಸಿಕ್ಕವು. ಅಲ್ಲಿ ಊರಿನ ತಿಪ್ಪೆಯೇ ದಿಬ್ಬವಾಗಿ ಬೆಳೆದಿತ್ತು. ನನ್ನ ಮನಸ್ಸು ಪದ್ದಯ್ಯನವರ ಕಡೆಗೆ ವಾಲುತ್ತದೆ, ಆದರೂ ಕಿಚ್ಚನ್ನು ಪೂರ್ತಿ ಬಿಟ್ಟುಕೊಡಲು ಆಗುತ್ತಿಲ್ಲ.

ಇದನ್ನೆಲ್ಲ ಕುರುಗೋಡಿನಲ್ಲಿ ನಮ್ಮ ಓಣಿಯ ತಾತನಿಗೆ ಹೇಳಿದೆ. ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳಲು ಕುರುಬರಿಗೆ ದುಡ್ಡು ಕೊಟ್ಟ ರೈತ ಆತ. ತುಂಡನ್ನು ಕೈಯಲ್ಲಿ ಹೊರಳಿಸಿ, "ಅಲ್ಲಪ್ಪಾ, ಇಷ್ಟು ಗೊಬ್ಬರ ಸುಟ್ಟೋರಿಗೆ ಹೊಲ ಇರಲಿಲ್ಲೇನು?" ಅಂದ. ದನ ಬಹಳ, ಹೊಲ ಕಡಿಮೆ, ತಾತ, ಅಂದೆ. ಈಚೆಗೆ ಎಷ್ಟೋ ಕಡೆ ರೈತರು ಆ ದಿಬ್ಬಗಳ ಬೂದಿಯನ್ನೇ ಅಗೆದು ಹೊಲಕ್ಕೆ ಹಾಕಿದ್ದಾರೆ, ದಿಬ್ಬಗಳು ಕರಗಿಹೋಗಿವೆ ಅಂತಲೂ ಹೇಳಿದೆ, ನನ್ನ ಸಂಕಟ ಅದು. ಆತ ತುಂಡನ್ನು ವಾಪಸು ಕೊಟ್ಟ.

"ಹಂಗಾರೆ ಹೊಲ ಮುಟ್ಟೇತಿ ಬಿಡು. ತಡ ಆತು, ಅಷ್ಟೆ."