ಇಷ್ಟು ದೊಡ್ಡ ಸಮುದ್ರದಲ್ಲಿ ಎರಡೇ ಮೀನಾ?



ಹ್ಯೂಸ್ಟನ್‌ನಲ್ಲಿರೋ ನನ್ನ ಅತ್ತೆ ಮಗ ಬೇಸಿಗೆಯಲ್ಲಿ ಗ್ಯಾಲ್ವೆಸ್ಟನ್‌ನಿಂದ ಬಾಡಿಗೆ ಬೋಟ್ ಹತ್ತಿ ಮೆಕ್ಸಿಕೋ ಕೊಲ್ಲಿಗೆ ಗಾಳ ಹಾಕೋಕೆ ಹೋಗಿದ್ದ. ಬಂದವನೇ ಫೋನ್ ಮಾಡಿದ: "ಇಡೀ ದಿನ ಬಿಸಿಲಲ್ಲಿ ಒಣಗಿ, ತಲೆಗೆ ಎರಡೇ ರೆಡ್ ಸ್ನ್ಯಾಪರ್ ಕಣೋ! ಅದೂ 16 ಇಂಚಿಗಿಂತ ಚಿಕ್ಕದಿದ್ರೆ ವಾಪಸ್ ಬಿಡಬೇಕಂತೆ. ಸಮುದ್ರದ ತುಂಬ ಮೀನಿದೆ, ಎರಡೇ ಅಂತ ಯಾರು ಲೆಕ್ಕ ಹಾಕಿದ್ದು?"

ರೆಡ್ ಸ್ನ್ಯಾಪರ್ ಅಂದ್ರೆ ನಮ್ಮ ಮಂಗಳೂರು ಕಡೆಯ ಕೆಂಬೇರಿಯ ಬಳಗದ್ದು. ಅವನ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ, ಬಿಕಾಂ ಓದಿದ ನನಗೆ ಇದು ಅಪ್ಪಟ ಬ್ಯಾಂಕ್ ಲೆಕ್ಕ ಅನ್ನಿಸ್ತು.

ಸಮುದ್ರದಲ್ಲಿರೋ ಮೀನು ಅಸಲು, ಪ್ರತಿ ವರ್ಷ ಬೆಳೆಯೋದು ಬಡ್ಡಿ. ಬಡ್ಡಿ ತಿನ್ನಬಹುದು, ಅಸಲಿಗೆ ಕೈ ಹಾಕಬಾರದು. ಆದ್ರೆ ಇಲ್ಲಿ ಪಾಸ್‌ಬುಕ್ ಇಲ್ಲ. ಹಾಗಾಗಿ ವಿಜ್ಞಾನಿಗಳು ಹಿಡಿದ ಮೀನಿನ ತೂಕ, ಉದ್ದ, ವಯಸ್ಸು ನೋಡಿ ಅಂದಾಜು ಮಾಡ್ತಾರೆ. ಮೀನಿನ ಕಿವಿಯೊಳಗೆ ಕಲ್ಲಿನಂಥ ಒಂದು ಚೂರು ಇರುತ್ತೆ. ಮರದ ಹಾಗೆ ಅದರಲ್ಲೂ ಉಂಗುರ ಎಣಿಸಬಹುದು. ಈ ಮೀನು 50 ವರ್ಷ ದಾಟಿ ಬದುಕುತ್ತೆ ಅಂತ ಗೊತ್ತಾಗಿದ್ದು ಹಾಗೆ.

ಇದರ ಮೇಲೆ ಅವರು ಒಂದು ಗೆರೆ ಎಳೀತಾರೆ: ಇದಕ್ಕಿಂತ ಜಾಸ್ತಿ ಹಿಡಿದ್ರೆ ಅತಿಯಾಯ್ತು ಅಂತ. ಅಂದಾಜು ತಪ್ಪಿರಬಹುದಲ್ವಾ? ಅದಕ್ಕೆ ಇನ್ನೂ ಸ್ವಲ್ಪ ಕೆಳಗೆ ಸುರಕ್ಷಿತ ಮಿತಿ ಇಡ್ತಾರೆ. ಕೊನೇ ತೀರ್ಮಾನಕ್ಕೆ ಬರೋದು ಪ್ರಾದೇಶಿಕ ಮೀನುಗಾರಿಕಾ ಮಂಡಳಿ. ಆದ್ರೆ ವಿಜ್ಞಾನಿಗಳು ಹೇಳಿದ ಮಿತಿಯನ್ನ ಮಂಡಳಿ ಮೀರೋ ಹಾಗಿಲ್ಲ. ಅಮೆರಿಕದ ಮೀನುಗಾರಿಕಾ ಕಾನೂನಿಗೆ 2006ರಲ್ಲಿ ತಂದ ತಿದ್ದುಪಡಿ ಈ ವಾರ್ಷಿಕ ಮಿತಿಯನ್ನ ಕಡ್ಡಾಯ ಮಾಡ್ತು.

ಆಮೇಲೆ ಪಾಲು. ಕೊಲ್ಲಿಯ ರೆಡ್ ಸ್ನ್ಯಾಪರ್‌ನಲ್ಲಿ ಶೇ. 51 ಮೀನುಗಾರಿಕೆಯನ್ನೇ ಕಸುಬು ಮಾಡಿಕೊಂಡವರಿಗೆ, ಶೇ. 49 ಹವ್ಯಾಸಕ್ಕೆ ಹಿಡಿಯೋರಿಗೆ. ಅಂದ್ರೆ ನಿಜವಾದ ಮಿತಿ ಇರೋದು ಒಟ್ಟು ತೂಕದ ಮೇಲೆ. ತಲೆಗೆ ಎರಡು, 16 ಇಂಚು, ಇಷ್ಟು ದಿನದ ಸೀಸನ್, ಇವೆಲ್ಲ ಆ ತೂಕ ದಾಟದ ಹಾಗೆ ನೋಡಿಕೊಳ್ಳೋ ಬೀಗಗಳು.

ಇಲ್ಲೊಂದು ವಿಚಿತ್ರ ಇದೆ. ಸುಮ್ನೆ ಉದಾಹರಣೆಗೆ, ಪಾಲು 10,000 ಕೆಜಿ, ಒಂದು ಮೀನು 2 ಕೆಜಿ ಅಂದುಕೊಳ್ಳಿ. 5,000 ಮೀನಾಯ್ತು. ದಿನಕ್ಕೆ 500 ಹಿಡಿದ್ರೆ ಸೀಸನ್ 10 ದಿನ. ಮೀನು ಚೇತರಿಸಿಕೊಂಡು 4 ಕೆಜಿ ಆಯ್ತು ಅನ್ನಿ, ಅದೇ ಪಾಲು ಐದೇ ದಿನಕ್ಕೆ ಖಾಲಿ! ಮೀನು ಸುಲಭವಾಗಿ ಸಿಗೋಕೆ ಶುರುವಾದ್ರೆ ಇನ್ನೂ ಬೇಗ. ಪಾಲೂ ಹೆಚ್ಚಾಗುತ್ತೆ ನಿಜ, ಆದ್ರೆ ಹಿಡಿಯೋ ವೇಗ ಅದನ್ನೂ ಮೀರಿದ್ರೆ ಸೀಸನ್ ಚಿಕ್ಕದಾಗಲೇಬೇಕು. 2017ರಲ್ಲಿ ಸ್ವಂತ ಬೋಟ್‌ನವರಿಗೆ ಕೇಂದ್ರದ ವ್ಯಾಪ್ತಿಯ ನೀರಲ್ಲಿ ಮೊದಲು ಘೋಷಿಸಿದ್ದು ಬರೀ ಮೂರು ದಿನ. ಗಲಾಟೆಯಾಗಿ ಆಮೇಲೆ 39 ದಿನ ಸೇರಿಸಿದ್ರು, ಅದೂ ಕೋರ್ಟ್ ಮೆಟ್ಟಿಲೇರ್ತು. ಮೀನು ಹೆಚ್ಚಾದಷ್ಟೂ ದಿನ ಕಮ್ಮಿ ಅಂದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ ಹೇಳಿ? ಮುಂದೆ ಸೀಸನ್ ನಿರ್ಧರಿಸೋ ಅಧಿಕಾರವನ್ನ ಕೊಲ್ಲಿಯ ಐದು ರಾಜ್ಯಗಳಿಗೆ ಕೊಟ್ರು.

ಇನ್ನು ಅಸಲಿ ತಲೆನೋವು ಎಣಿಕೆ. ಕಸುಬಿನವರ ಮೀನು ದಡಕ್ಕೆ ಬಂದು ತೂಕವಾಗಿ ಲೆಕ್ಕಕ್ಕೆ ಸೇರುತ್ತೆ. ಹವ್ಯಾಸಿಗಳದ್ದು ಹಾಗಲ್ಲ, ಸೀದಾ ಮನೆ ಅಡುಗೆಮನೆಗೆ ಹೋಗುತ್ತೆ. ಹಾಗಾಗಿ ದಡದಲ್ಲಿ ಕೇಳ್ತಾರೆ, ಮನೆಗೆ ಅಂಚೆಯಲ್ಲಿ ಪ್ರಶ್ನೆ ಕಳಿಸ್ತಾರೆ. ಅಲಬಾಮಾದಲ್ಲಂತೂ ರೆಡ್ ಸ್ನ್ಯಾಪರ್ ಹಿಡಿದ್ರೆ ವರದಿ ಕೊಡೋದು ಕಡ್ಡಾಯ. ವಾಪಸ್ ಬಿಟ್ಟ ಮೀನೂ ಲೆಕ್ಕಕ್ಕೆ ಬರುತ್ತೆ. ಯಾಕಂದ್ರೆ ಆಳದಿಂದ ಸರ್ರನೆ ಮೇಲೆ ಎಳೆದಾಗ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಎಷ್ಟೋ ಮೀನು ಸಾಯ್ತವೆ.

ನಮ್ಮ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟೇ: "ದಡದಲ್ಲಿ ಯಾರಾದ್ರೂ ಎಷ್ಟು ಹಿಡಿದ್ರಿ, ಎಷ್ಟು ಬಿಟ್ರಿ ಅಂತ ಕೇಳಿದ್ರೆ ಮುಖ ತಿರುಗಿಸಬೇಡ. ಮುಂದಿನ ವರ್ಷದ ಲೆಕ್ಕ ಶುರುವಾಗೋದೇ ನಿನ್ನ ಉತ್ತರದಿಂದ."

"ಸರಿ ಮಾರಾಯ, ಹೇಳ್ತೀನಿ. ಆದ್ರೂ ಎರಡು ಕಮ್ಮಿನೇ" ಅಂದ!

ನಿಮಗೇನನ್ನಿಸುತ್ತೆ? ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.