ಮಣ್ಣು ಸೋಸುತ್ತದೆ, ಬಂಡೆ ಸೋಸುವುದಿಲ್ಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ವಿಜ್ಞಾನದ ಪಾಠ ಕೇಳಿದ ನಾನು ಮುಂದೆ ಹಿಡಿದ ಕೆಲಸ ನೆಲದೊಳಗಿನ ನೀರಿನದು. ನೀರು ಮಣ್ಣಿನಲ್ಲಿ, ಬಂಡೆಯಲ್ಲಿ ಹೇಗೆ ಹರಿಯುತ್ತದೆ, ಬರುವಾಗ ಏನನ್ನು ಹೊತ್ತು ತರುತ್ತದೆ ಎಂಬುದೇ ನನ್ನ ಅಧ್ಯಯನ. ಬೋರನಕಣಿವೆಯವರಿಗೆ ನೀರಿನ ಮಾತು ಹೊಸದಲ್ಲ. ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಕಣ್ಣೆದುರಿಗೇ ಇದೆ. ಅದರಲ್ಲಿ ನೀರೆಷ್ಟಿದೆ ಎಂಬುದು ಏರಿಯ ಮೇಲೆ ನಿಂತರೆ ತಿಳಿಯುತ್ತದೆ. ಆದರೆ ತೆಂಗಿನ ತೋಟಕ್ಕೂ ಮನೆಯ ಕೊಡಕ್ಕೂ ನಾವು ಇಂದು ನಂಬಿರುವುದು ಕಣ್ಣಿಗೆ ಕಾಣದ ಇನ್ನೊಂದು ಕೆರೆಯನ್ನು.

ಬಾವಿ ತೋಡಿದವರಿಗೆ ಆ ಕೆರೆಯ ರಚನೆ ಗೊತ್ತು. ಮೇಲೆ ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಡಿದರೆ ಉದುರುವ ಮಿದುಗಲ್ಲು, ಅದರಡಿ ಗಟ್ಟಿ ಬಂಡೆ. ತಿಪಟೂರು, ತುರುವೇಕೆರೆ ಕಡೆ ಈ ಬಂಡೆ ಹೆಚ್ಚಾಗಿ ನೈಸ್. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿರುವ ಶಿಸ್ಟ್ ಪಟ್ಟಿಯೂ ಹಾದುಹೋಗುತ್ತದೆ. ಯಾವುದೇ ಆಗಲಿ, ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು, ಹರಿಯುವುದು ಬರೀ ಬಿರುಕುಗಳಲ್ಲಿ.

1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಒಂದು ನಿಯಮ ಪ್ರಕಟಿಸಿದರು. ನೀರಿನ ಮಟ್ಟದ ಇಳಿಜಾರು ಹೆಚ್ಚಾದಷ್ಟೂ ಹಾಯುವ ನೀರು ಹೆಚ್ಚು. ಮರಳಿನ ದಾರಿ ಉದ್ದವಾದಷ್ಟೂ ಕಡಿಮೆ. ಇಂದಿಗೂ ನಮ್ಮ ಲೆಕ್ಕವೆಲ್ಲ ಇದರಿಂದಲೇ ಶುರುವಾಗುತ್ತದೆ.

ಮಕ್ಕಳಿಗಾಗಿ ಒಂದು ಲೆಕ್ಕ. ಶೌಚದ ಗುಂಡಿಗೂ ಬೋರ್‌ವೆಲ್‌ಗೂ ನಡುವೆ 30 ಮೀಟರ್ ಎಂದಿಟ್ಟುಕೊಳ್ಳಿ. ಮಿದುಗಲ್ಲಿನಲ್ಲಿ ಹತ್ತರಲ್ಲಿ ಒಂದು ಪಾಲು ಖಾಲಿ ಜಾಗವಿದ್ದು, ನೀರು ದಿನಕ್ಕೆ 10 ಸೆಂಟಿಮೀಟರ್ ಸರಿದರೆ ಬೋರ್ ಮುಟ್ಟಲು 300 ದಿನ ಬೇಕು. ಅಷ್ಟೇ ನೀರು ಬಂಡೆಯಲ್ಲಿ ಹಾಯಬೇಕು, ಆದರೆ ಅಲ್ಲಿ ಬಿರುಕುಗಳ ಜಾಗ ಸಾವಿರದಲ್ಲಿ ಒಂದೇ ಪಾಲು ಎನ್ನಿ. ಜಾಗ ನೂರು ಪಟ್ಟು ಕಡಿಮೆಯಾಯಿತು. ಆದ್ದರಿಂದ ವೇಗ ನೂರು ಪಟ್ಟು ಹೆಚ್ಚಬೇಕು. 300 ದಿನದ ದಾರಿ ಮೂರೇ ದಿನಕ್ಕೆ ಮುಗಿಯುತ್ತದೆ.

ವ್ಯತ್ಯಾಸ ಇಲ್ಲೇ ಇರುವುದು. ಮಣ್ಣಿನಲ್ಲಿ ನಿಧಾನವಾಗಿ ಇಳಿಯುವಾಗ ರೋಗಾಣುಗಳು ಕಣಗಳಿಗೆ ಅಂಟಿಕೊಳ್ಳುತ್ತವೆ, ದಿನ ಕಳೆದಂತೆ ಸಾಯುತ್ತವೆ. ಬಿರುಕಿನಲ್ಲಿ ಸೋಸುವುದಕ್ಕೆ ಏನೂ ಇಲ್ಲ, ಸಾಯುವಷ್ಟು ಸಮಯವೂ ಇಲ್ಲ. ಗುಂಡಿಯಿಂದ, ತಿಪ್ಪೆಯಿಂದ, ಹೆಚ್ಚಾಗಿ ಸುರಿದ ಯೂರಿಯಾದಿಂದ ಬರುವ ನೈಟ್ರೇಟನ್ನಂತೂ ಮಣ್ಣೂ ಹಿಡಿದಿಡಲಾರದು. ಜೇಡಿಯ ಕಣಕ್ಕೂ ನೈಟ್ರೇಟಿಗೂ ಋಣ ವಿದ್ಯುದಂಶ, ಒಂದನ್ನೊಂದು ದೂಡುತ್ತವೆ. ಕುದಿಸಿದರೂ ಅದು ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದೆ. ಮೀರಿದರೆ ಹಾಲಿಗೆ ನೀರು ಬೆರೆಸಿ ಕುಡಿಸುವ ಎಳೆಗೂಸುಗಳಿಗೆ ಅಪಾಯ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ.

ಇದು ಎಲ್ಲೋ ದೂರದ ಮಾತಲ್ಲ. ನಮ್ಮಂತೆಯೇ ಗಟ್ಟಿ ಬಂಡೆಯ ನೆಲವಿರುವ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಸುಧಾಕರ ರಾವ್ ಮತ್ತು ಸಂಗಡಿಗರು ಇದನ್ನೇ ಅಧ್ಯಯನ ಮಾಡಿದರು. ಶೌಚದ ಗುಂಡಿಗಳಿಂದ ಇಳಿದ ನೀರು ಅಲ್ಲಿನ ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿಸಿದ್ದನ್ನು ತೋರಿಸಿದರು. ಫ್ಲೋರೈಡ್ ಮಾತ್ರ ಬೇರೆ ಸಂಗತಿ. ಅದು ಬಂಡೆಯಿಂದಲೇ ಕರಗಿ ಬರುವಂಥದ್ದು. ನೈಟ್ರೇಟ್ ಬಹುಪಾಲು ನಾವೇ ಇಳಿಬಿಟ್ಟದ್ದು, ಆದ್ದರಿಂದ ತಡೆಯುವುದೂ ನಮ್ಮ ಕೈಯಲ್ಲೇ ಇದೆ.

"ನಮ್ಮ ಬೋರ್ ಮೇಲುಭಾಗದಲ್ಲಿದೆ, ಗುಂಡಿ ಇಳಿಜಾರಿನಲ್ಲಿದೆ, ಭಯವಿಲ್ಲ" ಎನ್ನುವವರಿದ್ದಾರೆ. ತೋಟಕ್ಕೆ ಗಂಟೆಗಟ್ಟಲೆ ಮೋಟರ್ ಓಡಿದಾಗ ಬೋರ್ ಸುತ್ತ ನೀರಿನ ಮಟ್ಟ ಆಲಿಕೆಯಂತೆ ಕುಸಿಯುತ್ತದೆ. ಆಗ ನೆಲದೊಳಗಿನ ಇಳಿಜಾರು ಬೋರಿನ ಕಡೆಗೇ ತಿರುಗುತ್ತದೆ. ಮೇಲಿನ ನೆಲ ನೋಡಿ ಒಳಗಿನ ದಾರಿ ಹೇಳಲಾಗದು.

ಹಾಗಾದರೆ ಮಾಡುವುದೇನು? ಬೋರ್ ಕೊರೆಸುವಾಗ ಕೇಸಿಂಗ್ ಪೈಪು ಗಟ್ಟಿ ಬಂಡೆಯೊಳಗೆ ಊರಿರಲಿ, ಪೈಪಿನ ಹೊರಸುತ್ತಿನ ಸಂದನ್ನು ಸಿಮೆಂಟಿನಿಂದ ಮುಚ್ಚಿಸಿ. ಆ ಸಂದು ಬಿಟ್ಟರೆ ಅಂಗಳದ ಕೊಳೆನೀರಿಗೆ ನೇರ ದಾರಿ. ಬತ್ತಿದ ಬೋರಿಗೆ ಶೌಚದ ಪೈಪನ್ನಾಗಲಿ, ಚರಂಡಿಯನ್ನಾಗಲಿ ಬಿಡಬೇಡಿ. ಅದು ಮಣ್ಣೆಂಬ ಜರಡಿಯನ್ನೇ ದಾಟಿಸಿ ಬಂಡೆಯ ಬಿರುಕಿಗೆ ಸುರಿದಂತೆ. ಮಳೆನೀರು ಇಂಗಿಸುವುದು ಒಳ್ಳೆಯ ಕೆಲಸ, ಆದರೆ ಮರಳು, ಜಲ್ಲಿಯ ಗುಂಡಿಯಲ್ಲಿ ಸೋಸಿಯೇ ಇಳಿಸಿ. ತಿಪ್ಪೆಯನ್ನು ಬೋರಿನಿಂದ ದೂರ ಇಡಿ.

ಕೊನೆಯದಾಗಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಏನಾದರೂ ಕೊಡಬೇಕೆಂದು ಮಾತಾಗುತ್ತಿದೆ. ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಶಾಲೆಯ ಮತ್ತು ಊರಿನ ಕುಡಿಯುವ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ನೈಟ್ರೇಟ್, ಫ್ಲೋರೈಡ್, ರೋಗಾಣುಗಳ ಫಲಿತಾಂಶವನ್ನು ಶಾಲೆಯ ಹಲಗೆಯ ಮೇಲೆ ಬರೆಸೋಣ. ಮಾದರಿ ಹಿಡಿಯುವುದನ್ನು, ಅಂಕಿ ಬರೆದಿಡುವುದನ್ನು ಒಂಬತ್ತನೇ ತರಗತಿಯ ಮಕ್ಕಳು ಕಲಿಯಲಿ. ಹತ್ತು ವರ್ಷದ ಅಂಕಿ ಕೈಯಲ್ಲಿದ್ದರೆ ನೀರು ಕೆಡುತ್ತಿದೆಯೋ ಸುಧಾರಿಸುತ್ತಿದೆಯೋ ಎಂಬುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಮೊದಲ ವರ್ಷದ ಪರೀಕ್ಷೆಯ ಖರ್ಚು ನನ್ನದು; ಮುಂದಿನದನ್ನು ಒಂದೊಂದು ಬ್ಯಾಚಿನವರು ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.